ಸವಾರರಲ್ಲಿ ಹೊಸಬರು ಯಾರು?

ನ್ಯಾಯವಾಗಿ ಹಂಚುವುದು ಬಹಳ ಸುಲಭದ ಕೆಲಸ, ಹಂಚುವವರಿಗೆ ಅದರಲ್ಲಿ ಪಾಲು ಇರದಿದ್ದರೆ. ಬೆಳಗಾವಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ ನಾನು ಇಷ್ಟು ಮಕ್ಕಳಿಗೆ ಇಷ್ಟು ಲಾಡು ಎಂಬ ಲೆಕ್ಕವನ್ನು ಸಾವಿರ ಸಲ ಬಿಡಿಸಿದ್ದೇನೆ. ಒಮ್ಮೆಯೂ ತಪ್ಪಿಲ್ಲ. ಆ ಲಾಡು ನನಗೇ ಬೇಕು ಅನ್ನಿಸಿದ್ದು ಈ ಕುದುರೆಗಳ ಸಹವಾಸದ ನಂತರವೇ.

ನಲವತ್ತೇಳರ ವಯಸ್ಸಿನಲ್ಲಿ ನಾನು ಕುದುರೆ ಹತ್ತಿದ್ದು ಮಗಳ ದೆಸೆಯಿಂದ. ಅವಳನ್ನು ಉದ್ಯಮಬಾಗದ ಆಚೆ ಇರುವ ಸವಾರಿ ಶಾಲೆಗೆ ಸೇರಿಸಿದ್ದೆ. ನಾಲ್ಕೇ ದಿನಕ್ಕೆ "ಅವ್ವಾ, ಕುದರಿ ವಾಸನಿ ಹೊಡೀತೈತಿ" ಎಂದು ಬಿಟ್ಟುಬಿಟ್ಟಳು. ಬೇಲಿಯಾಚೆ ನಿಂತು ನೋಡುತ್ತಿದ್ದ ನನಗೆ ಆ ವಾಸನೆಯೇ ಹಿಡಿದುಹೋಗಿತ್ತು. ಮೂರು ತಿಂಗಳಲ್ಲಿ ಒಂದು ಸಾಧು ಸ್ವಭಾವದ ಮುದಿ ಕುದುರೆಯ ಮೇಲೆ ಬೀಳದೆ ಕೂರಲು ಕಲಿತೆ. ಮನೆಯಲ್ಲಿ ಯಾರೂ ನಂಬಲಿಲ್ಲ. "ನೀ ಕುದರಿ ಮ್ಯಾಲೆ ಕುಂದರತೀಯೋ, ಕುದರೀನ ನಿನ್ನ ಮ್ಯಾಲೆ ಕುಂದರತೈತೋ?" ಎಂದು ಯಜಮಾನರು ಕೇಳುತ್ತಿದ್ದರು. ಹಾಗಾಗಿ, ಖಾನಾಪುರದ ಮೈದಾನದಲ್ಲಿ ಸವಾರಿ ಸ್ಪರ್ಧೆ ಇದೆ ಎಂದು ಗೊತ್ತಾದಾಗ ನನಗೆ ಬಹುಮಾನ ಬೇಕೇ ಬೇಕಾಯಿತು.

ಸವಾರಿ ಶಾಲೆ ನಡೆಸುವ ನಿವೃತ್ತ ಸುಬೇದಾರರು ಅರ್ಜಿಗಳನ್ನೆಲ್ಲ ನನ್ನ ಮುಂದೆಯೇ ಇಟ್ಟರು. "ಅಕ್ಕೋರ, ನೀವು ಗಣಿತದವರು. ಸರೀಕರನ್ನ ಸರೀಕರ ಗುಂಪಿಗೆ ಹಾಕ್ರಿ. ಆನಿಗೂ ಇರಿವಿಗೂ ಗಂಟ ಹಾಕಬ್ಯಾಡ್ರಿ."

ಹನ್ನೆರಡು ವರ್ಷದೊಳಗಿನವರು ಮಕ್ಕಳ ಗುಂಪು. ಎಲ್ಲಿಯೂ ಮೊದಲ ಬಹುಮಾನ ಗೆಲ್ಲದವರು ಹೊಸಬರು, ಗೆದ್ದವರು ಪಳಗಿದವರು. ಹೊಸಬರು ಕುದುರೆಯನ್ನು ನಡೆಸಿ, ಮೆಲ್ಲಗೆ ಓಡಿಸಿದರೆ ಸಾಕು. ಪಳಗಿದವರು ಅಡ್ಡ ಕಟ್ಟಿದ ಗಳಗಳ ಮೇಲಿಂದ ಕುದುರೆಯನ್ನು ಜಿಗಿಸಬೇಕು. ಇದರ ಮೇಲೆ ಗಿಡ್ಡ ಕುದುರೆಗೆ ಬೇರೆ, ಎತ್ತರದ ಕುದುರೆಗೆ ಬೇರೆ. ಓದುವಾಗ ಎಲ್ಲವೂ ಸರಿಯಾಗಿತ್ತು, ಹೆಸರು ಹಾಕಲು ಕುಳಿತಾಗ ತಲೆ ಕೆಟ್ಟಿತು. ಹನ್ನೊಂದು ವರ್ಷದ ಹುಡುಗಿಯೊಬ್ಬಳು ಪುಣೆಯಲ್ಲಿ ಮೂರು ಬಹುಮಾನ ಗೆದ್ದಿದ್ದಳು. ಅವಳು ಮಗುವೋ, ಪಳಗಿದವಳೋ? ಆರಡಿಯ ವಕೀಲರೊಬ್ಬರದು ಗಿಡ್ಡ ಕುದುರೆ, ಅಳೆಯಬೇಕಾದದ್ದು ಯಾರನ್ನು? ಒಡೆಯುತ್ತಾ ಹೋದಂತೆ ಹದಿನಾಲ್ಕು ಮಂದಿ ಸವಾರರಿಗೆ ಹದಿಮೂರು ಗುಂಪುಗಳಾದವು. ಪೂರ್ತಿ ನ್ಯಾಯ ಸಿಕ್ಕಿತ್ತು, ಸ್ಪರ್ಧೆ ಮಾತ್ರ ಉಳಿದಿರಲಿಲ್ಲ.

"ಎಲ್ಲಾರೂ ಒಂದನೇ ನಂಬರ ಬಂದ್ರ ಚಪ್ಪಾಳಿ ಹೊಡ್ಯಾವ್ರು ಯಾರ್ರಿ?" ಎಂದರು ಸುಬೇದಾರರು. ಹರಿದು ಹಾಕಿ, ಎತ್ತರ ಗಿಡ್ಡ ಎಲ್ಲ ಬಿಟ್ಟು, ಮೂರೇ ಗುಂಪು ಮಾಡಿದೆ. ಹುಡುಗಿ ಪಳಗಿದವರ ಜೊತೆ ಹೋದಳು. ಹೊಸಬರಲ್ಲಿ ನಾನು, ವಕೀಲರು, ಮತ್ತು ಖಾನಾಪುರದ ಹುಸೇನಸಾಬರು.

ಹುಸೇನಸಾಬರಿಗೆ ಅರವತ್ತೆರಡು ವರ್ಷ. ಟಾಂಗಾ ಓಡಿಸುತ್ತಿದ್ದವರು, ಟಾಂಗಾ ನಿಂತ ಮೇಲೂ ಕುದುರೆ ಸಾಕುವುದನ್ನು ಬಿಟ್ಟಿರಲಿಲ್ಲ. ಅರ್ಜಿಯಲ್ಲಿ ಅನುಭವ ಎಂಬಲ್ಲಿ 'ಹುಟ್ಟಿದಾಗಿಂದ' ಎಂದೂ, ಗೆದ್ದ ಬಹುಮಾನ ಎಂಬಲ್ಲಿ 'ಇಲ್ಲ' ಎಂದೂ ಬರೆಸಿದ್ದರು. ನಿಯಮದ ಪ್ರಕಾರ ಅಪ್ಪಟ ಹೊಸಬರು. ಆದರೆ ಅವರು ಜೀನೂ ಇಲ್ಲದೆ ಕುದುರೆಯ ಮೇಲೆ ಕುಳಿತು, ಎರಡೂ ಕೈಯಿಂದ ಬೀಡಿ ಹಚ್ಚಿಕೊಳ್ಳುತ್ತಾ ಜಾಂಬೋಟಿ ರಸ್ತೆಯಲ್ಲಿ ಹೋಗುವುದನ್ನು ನಾನೇ ಕಂಡಿದ್ದೆ. ಅವರೆದುರು ನಾನು ಗೆಲ್ಲುವ ಮಾತೇ ಇರಲಿಲ್ಲ.

"ನಿಯಮ ಖರೇ ರೀ ಸರ್, ಆದ್ರ ನ್ಯಾಯ ಅನ್ನೂದೂ ಒಂದ ಐತೆಲ್ರಿ" ಎಂದೆ ಸುಬೇದಾರರಿಗೆ. ಅವರು ತಲೆ ಕೆರೆದುಕೊಂಡು ಒಪ್ಪಿದರು. ಹುಸೇನಸಾಬರನ್ನು ಪಳಗಿದವರ ಗುಂಪಿಗೆ ಬರೆದೆ. ಅದು ನ್ಯಾಯವೋ, ಆಸೆಯೋ ಎಂಬುದು ನನಗೆ ಆಗಲೂ ಗೊತ್ತಾಗಲಿಲ್ಲ.

ಸ್ಪರ್ಧೆಯ ದಿನ ವಕೀಲರ ಕುದುರೆ ಅರ್ಧ ದಾರಿಯಲ್ಲಿ ನಿಂತು ಹುಲ್ಲು ಮೇಯತೊಡಗಿತು. ನಾನು ಮೊದಲನೆಯವಳಾದೆ. ಎದೆಗೆ ಕೆಂಪು ರಿಬ್ಬನ್ ಚುಚ್ಚಿದರು.

ಆಮೇಲೆ ಪಳಗಿದವರ ಸರದಿ. ಹುಡುಗಿ ಹಕ್ಕಿಯಂತೆ ಗಳ ದಾಟಿ ಗೆದ್ದಳು. ಕೊನೆಗೆ ಬಂದ ಹುಸೇನಸಾಬರ ಕುದುರೆ ಮೊದಲ ಗಳದ ಮುಂದೆ ನಿಂತು, ಮೂಸಿ ನೋಡಿ, ಪಕ್ಕದಿಂದ ಅಚ್ಚುಕಟ್ಟಾಗಿ ಸುತ್ತಿ ಹೋಯಿತು. ಎರಡನೆಯದಕ್ಕೂ ಹಾಗೇ. ಜನ ಬಿದ್ದು ಬಿದ್ದು ನಕ್ಕರು.

"ಚಾಚಾ, ಜಿಗಸ್ರಿ!" ಎಂದು ಸುಬೇದಾರರು ಕೂಗಿದರು.

"ಬಾಜೂಕ ದಾರಿ ಐತೆಲ್ರಿ ಸಾಹೇಬ್ರ! ಜಿಗ್ಯಾಕ ಕಲಿಸಿದ್ರ ನನ್ನ ಟಾಂಗಾದಾಗ ಯಾರ ಕುಂದರತಿದ್ರು?"

ಅವರೇ ಕೊನೆಯವರಾದರು. ಮರದ ಕೆಳಗೆ ಕುದುರೆಯ ಮುಖ ಒರೆಸುತ್ತಿದ್ದ ಅವರನ್ನು ಕಂಡು ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, "ಚಾಚಾ, ತಪ್ಪ ನಂದ ಐತ್ರಿ. ನಿಮ್ಮನ್ನ ಹೊಸಬರ ಗುಂಪಿಗೆ ಹಾಕಬೇಕಾಗಿತ್ತು. ನಾನ ತಗದು ಇತ್ತಾಗ ಹಾಕೀನಿ" ಎಂದೆ.

ಅವರು ಒರೆಸುವುದನ್ನು ನಿಲ್ಲಿಸಿದರು. "ನಾ ಹೊಸಬಾನ್ರಿ? ಐದ ವರ್ಷದಂವ ಇದ್ದಾಗಿಂದ ಕುದರಿ ಮ್ಯಾಲೆ ಅದೀನಿ. ನನ್ನ ಹೊಸಬ ಅಂದಿದ್ರ ಈ ಊರಾಗ ಮಾರಿ ಎತ್ತಿ ತಿರಗಾಕ ಆಗತಿರಲಿಲ್ಲ. ಅಕ್ಕೋರ, ನೀವ ನನ್ನ ಮರ್ಯಾದಿ ಉಳಿಸಿದ್ರಿ!"

ಅವರ ಕಣ್ಣು ತುಂಬಿತ್ತು. ನನ್ನ ತಪ್ಪೊಪ್ಪಿಗೆಯಲ್ಲಿ ಇನ್ನೂ ಅರ್ಧ, ಅದರ ಮುಖ್ಯವಾದ ಅರ್ಧವೇ, ಬಾಕಿ ಇತ್ತು. ಬಾಯಿ ತೆರೆದೆ.

"ಅದಕ್ಕಂತನ ಹಾಕಿದ್ದೇರಿ ಚಾಚಾ" ಎಂದೆ.