ತುಮಕೂರಿನಲ್ಲಿ ಹತ್ತಿದ ಬರ್ಗರ್

ಬುತ್ತಿ ಬೇಡ ಎಂದದ್ದೇ ತಪ್ಪಾಯಿತು.

ಕೈಲಾಂಚದ ದಾಸಪ್ಪ ದಾವಣಗೆರೆಯಲ್ಲಿದ್ದ ಮಗಳು ಸಿರಿಯ ಮನೆಗೆ ಹೊರಟಿದ್ದ. ಹೆಂಡತಿ ಸಿದ್ದಮ್ಮ ಬೆಳಗಾಗುವ ಮೊದಲೇ ಎದ್ದು ಚಿತ್ರಾನ್ನಕ್ಕೆ ಒಗ್ಗರಣೆ ಇಡಲು ಹೋದರೆ, "ಇದೇನ್ ಹಳೇ ಕಾಲ್ವಾ? ಫೋನ್ ಒತ್ತಿದ್ರೆ ಸೀಟ್‌ಗೇ ತಂದ್ಕೊಡ್ತಾರೆ ಕಣಮ್ಮಿ" ಎಂದ. ಅಂದವನು ಒತ್ತಿಯೂ ಬಿಟ್ಟ. ಫೋನಿನ ಚಿತ್ರದಲ್ಲಿ ಬರ್ಗರ್ ಮೂರಂತಸ್ತಿನ ಮನೆಯಂತೆ ನಿಂತಿತ್ತು.

ರಾಮನಗರದಲ್ಲಿ ರೈಲು ಹತ್ತಿದಾಗ ಎದುರು ಸೀಟಿನಲ್ಲಿ ಚನ್ನಪಟ್ಟಣದ ಗೊಂಬೆ ವ್ಯಾಪಾರಿ ಶುಕೂರ್ ಮತ್ತು ಅವನ ಹೆಂಡತಿ ಇಸ್ಮತ್ ಕೂತಿದ್ದರು. ಬೆಂಗಳೂರು ದಾಟಿದ ಮೇಲೆ ಇಸ್ಮತ್ ಡಬ್ಬಿ ಬಿಚ್ಚಿದಳು. ಪರೋಟ, ಖೀಮಾ. ದಾಸಪ್ಪನ ಹೊಟ್ಟೆ ಗುರ್ರೆಂದಿತು.

"ತಗಳಿ ಗೌಡ್ರೇ, ಒಸಿ ತಿನ್ನಿ" ಎಂದ ಶುಕೂರ್.

"ಬ್ಯಾಡಿ ಸಾಬ್ರೇ. ನಂದು ತುಮಕೂರಲ್ಲಿ ಹತ್ತತದೆ."

"ಯಾರು, ನೆಂಟ್ರಾ?"

"ಬರ್ಗರು."

ಶುಕೂರ್ ಈ ಸುದ್ದಿಯನ್ನು ಅಕ್ಕಪಕ್ಕದ ಸೀಟುಗಳಿಗೂ ತಲುಪಿಸಿದ. ತುಮಕೂರಿನಲ್ಲಿ ಹೆಲ್ಮೆಟ್ ಹಾಕಿದ್ದವನೊಬ್ಬ ಬಂದು ಡಬ್ಬಿ ಕೊಟ್ಟಾಗ ಅರ್ಧ ಬೋಗಿ ಕತ್ತು ಚಾಚಿ ನೋಡಿತು.

ಡಬ್ಬಿಯೊಳಗೆ ಮೂರಂತಸ್ತಿನ ಮನೆ ಕುಸಿದು ಬುನಾದಿಯಷ್ಟೇ ಉಳಿದಿತ್ತು. ಬನ್ನು ನೆನೆದ ಗೋಣಿತಾಟಿನಂತಿತ್ತು. ನಡುವೆ ಬಾಡಿ ಮಲಗಿದ್ದ ಸೊಪ್ಪನ್ನು ದಾಸಪ್ಪ ತನ್ನ ರೇಷ್ಮೆಹುಳುಗಳಿಗೆ ಹಾಕಿದ್ದರೆ ಅವು ಗೂಡು ಕಟ್ಟದೆ ಮುಷ್ಕರ ಹೂಡುತ್ತಿದ್ದವು.

"ಹೆಂಗೈತೆ ಗೌಡ್ರೇ?"

ಅರ್ಧ ಬೋಗಿ ಉತ್ತರಕ್ಕೆ ಕಾಯುತ್ತಿತ್ತು.

"ಫಸ್ಟ್ ಕ್ಲಾಸ್" ಎಂದ ದಾಸಪ್ಪ, ನುಂಗಲು ನೀರು ಕುಡಿದು.

ಅಷ್ಟರಲ್ಲಿ ಬಿಸಿ ಇಡ್ಲಿ ವಡೆಯ ಬುಟ್ಟಿ ಹೊತ್ತವನು ಬಂದ. ದಾಸಪ್ಪನ ಕೈ ತಾನಾಗಿಯೇ ಮೇಲೆದ್ದಿತು. ಶುಕೂರ್ ಅದನ್ನು ಹಿಡಿದು ಕೆಳಗಿಳಿಸಿದ. "ಹೋಗಪ್ಪ ಮುಂದಕ್ಕೆ, ಗೌಡ್ರಿಗೆ ಹೊಟ್ಟೆ ತುಂಬೈತೆ."

ಸಿರಿಯ ಫೋನು ಬಂದಾಗ ದಾಸಪ್ಪನ ಬಾಯಲ್ಲಿ ಬನ್ನು ಸಿಕ್ಕಿಕೊಂಡಿತ್ತು. ಉಪಕಾರಕ್ಕೆಂದು ಶುಕೂರನೇ ಫೋನು ಎತ್ತಿದ. "ನಿಮ್ಮಪ್ಪ ಬರ್ಗರ್ ತಿಂತಾವ್ರೆ ಕಣಮ್ಮ. ಮಾತಾಡಕ್ಕೂ ಪುರುಸೊತ್ತಿಲ್ಲ, ಅಂಗ್ ತಿಂತಾವ್ರೆ. ತಗಳಿ ಗೌಡ್ರೇ, ನೀವೇ ಹೇಳಿ."

ದಾಸಪ್ಪ ಎಲ್ಲರ ಮುಖ ನೋಡಿದ. "ಇಂಥದ್ದು ನನ್ ಜನ್ಮದಲ್ಲೇ ತಿಂದಿಲ್ಲ ಕಣವ್ವ" ಎಂದ. ಇದರಲ್ಲಿ ಸುಳ್ಳೇನೂ ಇರಲಿಲ್ಲ.

ದಾವಣಗೆರೆಯಲ್ಲಿ ಇಳಿದಾಗ ಅವನ ಕಣ್ಣು ಕತ್ತಲೆಗಟ್ಟುತ್ತಿತ್ತು. ಮಗಳ ಮನೆಯ ಬಾಗಿಲಲ್ಲೇ ಮಟನ್ ಸಾರಿನ ವಾಸನೆ ಹೊಡೆದು ಜೀವ ಬಂದಂತಾಯಿತು. ಕೈಕಾಲು ತೊಳೆದು ನೇರ ಊಟಕ್ಕೇ ಕೂತ.

ಸಿರಿ ನಗುನಗುತ್ತಾ ನಾಲ್ಕು ಡಬ್ಬಿ ತಂದು ಮುಂದಿಟ್ಟಳು. ನಾಲ್ಕರಲ್ಲೂ ಬರ್ಗರ್.

"ನಿನ್ನಳಿಯ ಬಿಸಿಲಲ್ಲಿ ಕ್ಯೂ ನಿಂತು ತಂದವ್ರೆ ಕಣಪ್ಪ. ನೀನು ಅಷ್ಟ್ ಆಸೆಪಟ್ಟು ತಿಂದೆ ಅಂತ ನಾನಂದಿದ್ಕೆ!"

"ಸಾರಿನ ವಾಸ್ನೆ ಬತ್ತಾ ಐತಲ್ಲವ್ವ?"

"ನಿನ್ಗೇ ಅಂತ ಮಾಡಿದ್ದೆ. ಇನ್ಯಾಕೆ ಅಂತ ಪಾತ್ರೆ ಸಮೇತ ಪಕ್ಕದ್ಮನೆಗೆ ಕೊಟ್ಬುಟ್ಟೆ."

ಅಳಿಯ ಕೈಕಟ್ಟಿಕೊಂಡು ಎದುರಿಗೇ ನಿಂತಿದ್ದ, ಮಾವನ ಮುಖ ಅರಳುವುದನ್ನು ನೋಡಲು. ಗೋಡೆಯಾಚೆ ಯಾರೋ ಮಜ್ಜೆ ಉದುರಿಸಲು ತಟ್ಟೆಗೆ ನಲ್ಲಿಮೂಳೆ ಕುಟ್ಟುವ ಸದ್ದು ಕೇಳಿಸಿತು.

ದಾಸಪ್ಪ ಮೊದಲನೆಯ ಡಬ್ಬಿ ತೆರೆದ.