ಮೊಮ್ಮಗಳ ಬ್ಯಾಂಡಿಗೆ ನನ್ನ ಡ್ರಿಲ್ಲು

ಓದುವ ಹೊತ್ತಿಗೆ ಓದು, ಊದುವ ಹೊತ್ತಿಗೆ ಊದು ಎಂದು ಹೇಳುವುದು ಸುಲಭ. ಎರಡೂ ಒಟ್ಟಿಗೆ ಬಂದು ಬಾಗಿಲು ತಟ್ಟಿದರೆ ಮನೆಯ ಹಿರಿಯರಿಗೆ ತಲೆನೋವು. ಆಯುಷ್ಯವಿಡೀ ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತಳಾದ ನನಗೆ ಈ ತಲೆನೋವು ಸ್ವಲ್ಪ ಜಾಸ್ತಿಯೇ. ಮದುವೆಮನೆಯಲ್ಲಿ ಪಂಕ್ತಿ ಸೊಟ್ಟಗಿದ್ದರೂ ನನಗೆ ಅನ್ನ ಇಳಿಯುವುದಿಲ್ಲ. ಒಮ್ಮೆ ಬೀಗರನ್ನೇ ಎಬ್ಬಿಸಿ, ಎಲೆ ನೇರ ಮಾಡಿ ಕೂರಿಸಿದ್ದೆ. ಆ ಸಂಬಂಧ ಇನ್ನೂ ಪೂರ್ತಿ ಸರಿಹೋಗಿಲ್ಲ.

ಅಂಥ ನಾನು ಈಗ ಡೆಲ್ಫ್ಟ್ ಎಂಬ ಪರದೇಶದ ಊರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳು ಸಹನಾ ಇಲ್ಲೇ ಎಂಜಿನಿಯರಿಂಗ್ ಮೊದಲ ವರ್ಷ ಓದುತ್ತಾಳೆ. ಓದಿಗಿಂತ ಹೆಚ್ಚಾಗಿ ಕಾಲೇಜಿನ ಮಾರ್ಚಿಂಗ್ ಬ್ಯಾಂಡಿನಲ್ಲಿ ಟ್ರೊಂಬೋನ್ ಊದುತ್ತಾಳೆ. ಅವಳು ಹಜಾರದಲ್ಲಿ ನಿಂತು ಅದರ ಕೊಳವೆ ಚಾಚಿದರೆ ಅಡುಗೆಮನೆಯಲ್ಲಿ ನನ್ನ ಒಗ್ಗರಣೆ ಸೌಟಿಗೆ ತಾಕುತ್ತದೆ. ಗಣಿತದಲ್ಲಿ ಒಮ್ಮೆ ಫೇಲಾಗಿದ್ದಾಳೆ. ಮರುಪರೀಕ್ಷೆಯಲ್ಲೂ ಹೋದರೆ ಕೋರ್ಸನ್ನೇ ಬಿಡಬೇಕಂತೆ. ಆ ಪರೀಕ್ಷೆ ಬರುವ ಸೋಮವಾರ, ಬ್ಯಾಂಡಿನ ಮೆರವಣಿಗೆ ಅದರ ಹಿಂದಿನ ದಿನ!

"ಪುಸ್ತಕ ಹಿಡಿಯೇ," ಎಂದರೆ, "ಅಜ್ಜಿ, ಬ್ಯಾಂಡ್ ಇದ್ರೇನೇ ನಂಗೆ ಮೈಂಡ್ ಫ್ರೆಶ್ ಆಗೋದು," ಎನ್ನುತ್ತಾಳೆ.

"ಅಷ್ಟು ಫ್ರೆಶ್ ಆಗಿರೋ ಮೈಂಡಲ್ಲಿ ಒಂದು ಲೆಕ್ಕಾನೂ ಕೂತಿಲ್ವಲ್ಲೇ!"

"ಅಮ್ಮಾ, ಇಲ್ಲಿ ಮಕ್ಕಳಿಗೆ ಹಾಗೆಲ್ಲ ಹೇಳೋ ಹಾಗಿಲ್ಲ," ಎಂದು ಮಗಳು ಲ್ಯಾಪ್‌ಟಾಪಿನ ಹಿಂದಿನಿಂದಲೇ ತೀರ್ಪು ಕೊಟ್ಟಳು.

ಇವಳಿಗೆ ಹೇಳುವ ಹಾಗಿಲ್ಲದಿದ್ದರೆ ಬ್ಯಾಂಡಿನವರಿಗೇ ಹೇಳುತ್ತೇನೆಂದು ಕಳೆದ ಶನಿವಾರ ಅವಳ ಹಿಂದೆಯೇ ಹೊರಟೆ. ಅಭ್ಯಾಸ ನಡೆಯುವುದು ಕಾಲುವೆಯ ಪಕ್ಕ, ಕಾರು ನಿಲ್ಲಿಸುವ ಬಯಲಿನಲ್ಲಿ. ನಾಯಕ ಬ್ರಾಮ್ ಎಂಬ ಬಾಗಿಲೆತ್ತರದ ಹುಡುಗ. ಪರೀಕ್ಷೆ ಮುಗಿಯುವ ತನಕ ಇವಳನ್ನು ಬಿಟ್ಟುಬಿಡಪ್ಪ ಎಂದು ಇಂಗ್ಲಿಷಿನಲ್ಲಿ ಹೇಳಲು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವರು ನಡೆಯತೊಡಗಿದರು.

ಊದುವುದನ್ನೇನೋ ಚೆನ್ನಾಗಿಯೇ ಊದುತ್ತಿದ್ದರು. ನಡಿಗೆ ಮಾತ್ರ ಸಂತೆಯಿಂದ ಮರಳುವ ಎಮ್ಮೆಗಳದು. ಡ್ರಮ್ಮಿನವನು ಸೈಕಲ್ಲಿನಲ್ಲಿ ಹೋಗುವವರಿಗೆಲ್ಲ ಕೈ ಬೀಸುತ್ತಿದ್ದ. ನನ್ನ ಮೊಮ್ಮಗಳಂತೂ ಸಾಲಿನಿಂದ ಒಂದು ಮಾರು ಆಚೆ! ನನಗರಿವಿಲ್ಲದೆ ಬಾಯಿಂದ ಹೊರಟಿತು: "ಸಾವಧಾನ್!"

ಭಾಷೆ ತಿಳಿಯದಿದ್ದರೂ ಎಲ್ಲರೂ ನಿಂತುಬಿಟ್ಟರು. ನಿಂತವರನ್ನು ಹಾಗೇ ಬಿಡಲಾದೀತೇ? ಸಾಲು ಕಟ್ಟಿಸಿದೆ. "ಕದಂ ತಾಲ್" ಎಂದು ನಿಂತಲ್ಲೇ ಹೆಜ್ಜೆ ಹಾಕಿಸಿದೆ. ಸಹನಾ ಟ್ರೊಂಬೋನಿನ ಹಿಂದೆ ಮುಖ ಮುಚ್ಚಿಕೊಂಡಳು. ಬ್ರಾಮ್ ಮಾತ್ರ ಹಲ್ಲುಕಿರಿಯುತ್ತ ಬಂದು, "ಓಮಾ, ನಾಳೆಯೂ ಬರ್ತೀರಾ?" ಎಂದ. ಇಲ್ಲಿ ಅಜ್ಜಿಯನ್ನು ಓಮಾ ಎನ್ನುತ್ತಾರೆ.

ಮರುದಿನವೂ ಹೋದೆ, ಅದರ ಮರುದಿನವೂ ಹೋದೆ. ಶನಿವಾರಕ್ಕೆ ಮಾತ್ರ ಇದ್ದ ಅಭ್ಯಾಸ ನನ್ನ ದೆಸೆಯಿಂದ ದಿನವೂ ಆಯಿತು. ಮೊಮ್ಮಗಳನ್ನು ಬಿಡಿಸಿಕೊಳ್ಳುವ ಮಾತೆತ್ತಲು ಸಮಯವೇ ಸಿಗಲಿಲ್ಲ. ತಿರುವಿನಲ್ಲಿ ಸಾಲು ಮುರಿಯುತ್ತಲೇ ಇತ್ತಲ್ಲ!

ನಿನ್ನೆ ಸಂಜೆ ಸಹನಾ ಸಾಲಿನಿಂದ ಹೊರಬಂದು ನನ್ನೆದುರು ನಿಂತಳು. ಕಣ್ಣಲ್ಲಿ ನೀರು. "ಅಜ್ಜಿ, ಪ್ಲೀಸ್, ನನ್ನನ್ನ ಬಿಟ್ಬಿಡಿ. ಮ್ಯಾಥ್ಸ್ ಏನೂ ಓದಿಲ್ಲ. ಭಾನುವಾರಾನೂ ಬರಲ್ಲ."

ತಾನಾಗಿಯೇ ಪುಸ್ತಕ ಬೇಡುತ್ತಿದ್ದಾಳೆ! ಬಾಚಿ ತಬ್ಬಿಕೊಂಡು ಮನೆಗೆ ಕಳಿಸಬೇಕಿತ್ತು. ನಾನು ಹೇಳಿದ್ದೇನು ಗೊತ್ತೇ? "ಮೂರನೇ ಸಾಲಲ್ಲಿ ಜಾಗ ಖಾಲಿ ಬೀಳುತ್ತಲ್ಲೇ!"

ಅವಳು ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿದಳು. ಟ್ರೊಂಬೋನನ್ನು ನನ್ನ ಕೈಗಿಟ್ಟು, ಸೈಕಲ್ಲೇರಿ ಹೊರಟೇಹೋದಳು. ಖಾಲಿ ಜಾಗ ನನ್ನಿಂದ ನೋಡಲಾಗಲಿಲ್ಲ. ನಾನೇ ಹೋಗಿ ನಿಂತೆ. ಊದುವುದು ಬೇಡ, ಸುಮ್ಮನೆ ಹಿಡಿದು ನಡೆದರೆ ಸಾಕೆಂದು ಬ್ರಾಮ್ ಹೇಳಿದ್ದಾನೆ. ಭಾನುವಾರದ ಮೆರವಣಿಗೆಗೆ ಅಳತೆಯ ಕೋಟೂ ಹುಡುಕಿಕೊಟ್ಟಿದ್ದಾನೆ.

ಈಗ ಸಹನಾ ಕೋಣೆಯ ಬಾಗಿಲು ಹಾಕಿಕೊಂಡು ಲೆಕ್ಕ ಮಾಡುತ್ತಿದ್ದಾಳೆ. ಹಜಾರದಲ್ಲಿ ನಾನೊಬ್ಬಳೇ ತಿರುವು ಅಭ್ಯಾಸ ಮಾಡುತ್ತಿದ್ದೆ. ಒಳಗಿನಿಂದ ಕೂಗು ಬಂತು: "ಅಜ್ಜಿ, ಓದ್ಕೊಳ್ತಾ ಇದೀನಿ! ಕಾಲು ಸ್ವಲ್ಪ ಮೆತ್ತಗೆ ಹಾಕಿ!"