ಹಡಗು ಹತ್ತಿ ಬಂದ ಪೊರಕೆಯವರಿಗೆ

ಮಾನ್ಯರೇ,

ಸಮುದ್ರ ದಾಟಿ, ಲೇಬಲ್ ಧರಿಸಿ, ಪ್ಲಾಸ್ಟಿಕ್ ಅಂಗಿ ತೊಟ್ಟು ನಮ್ಮ ಅಡುಗೆಮನೆಯ ಮೊಳೆಯನ್ನು ಅಲಂಕರಿಸಿರುವ ತಮ್ಮ ಪಾದಗಳಿಗೆ ಈ ಬಡಪಾಯಿಯ ನಮಸ್ಕಾರಗಳು. ತಮಗೆ ಕೆಳಗಿರುವುದು ಪಾದವೋ ತಲೆಯೋ ಎಂಬುದು ಇಪ್ಪತ್ತು ವರ್ಷ ಪೊರಕೆ ಕಟ್ಟಿಯೂ ನನಗೆ ತಿಳಿಯದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಆರನೇ ಕ್ಲಾಸನ್ನು ಅರ್ಧಕ್ಕೇ ಬಿಟ್ಟವನು. ಎಡಗೈಯಲ್ಲಿ ಬರೆಯುತ್ತೇನೆಂದು ಮೇಷ್ಟ್ರು ದಿನಾ ಬಾರಿಸುತ್ತಿದ್ದರು, ಹಾಗಾಗಿ ಈ ಪತ್ರದ ತಪ್ಪುಗಳನ್ನೆಲ್ಲ ಅವರ ತಲೆಗೇ ಕಟ್ಟಿ. ಅದೇ ಎಡಗೈ ಹಾಕುವ ಗಂಟು ಎಲ್ಲರ ಗಂಟಿಗೂ ಉಲ್ಟಾ ತಿರುಗುತ್ತದೆ, ಮತ್ತು ತಮ್ಮ ಕುತ್ತಿಗೆಯಲ್ಲಿರುವುದು ಅದೇ ಗಂಟು. ಕಳೆದ ವರ್ಷ ನಾನು ಸಗಟು ವ್ಯಾಪಾರಿಗೆ ಕೊಟ್ಟ ಕಂತೆಯಲ್ಲಿ ತಾವಿದ್ದಿರಿ. ಯಾವುದೋ ದೇಶಕ್ಕೆ ಹೋಗಿ, ಹೆಸರು ಬದಲಿಸಿಕೊಂಡು, ತಿರುಗಿ ನಮ್ಮದೇ ಬೀದಿಯ ದೊಡ್ಡ ಅಂಗಡಿಯಲ್ಲಿ ಬಂದು ಕೂತಿರಿ. ನನ್ನ ಹೆಂಡತಿ ತಮ್ಮನ್ನು ಹಸುಗೂಸಿನಂತೆ ಎತ್ತಿಕೊಂಡು ಬಂದಳು.

"ನೋಡ್ರೀ, ಹೊರದೇಶದವರು ಹೇಗೆ ಕಟ್ಟಿದ್ದಾರೆ! ನೀವೂ ಇದ್ದೀರಿ, ಒಂದು ಗಂಟೂ ನೆಟ್ಟಗಿಲ್ಲ" ಎಂದಳು. ಅದು ನಾನೇ ಕಟ್ಟಿದ್ದು ಕಣೇ ಎಂದರೆ, "ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಕು, ಹೋಗಿ ಕಲಿತು ಬನ್ನಿ" ಎಂದು ನನ್ನನ್ನು ಸಂಜೆಯ ಅಂತರರಾಷ್ಟ್ರೀಯ ವ್ಯಾಪಾರದ ತರಗತಿಗೆ ದಬ್ಬಿದಳು.

ಅಲ್ಲಿಯ ಮೇಡಂ, ಗಡಿ ದಾಟಿದಷ್ಟೂ ಸರಕಿನ ಬೆಲೆ ಏರುತ್ತದೆ ಎಂದರು. ಬಸ್ ನಿಲ್ದಾಣ ದಾಟುವಾಗಲೇ ಬೆವರುವ ನನ್ನ ಬೆಲೆ ಏರುವುದು ಯಾವ ಕಾಲಕ್ಕೆ? ಪರೀಕ್ಷೆಯಲ್ಲಿ, ಸ್ಥಳೀಯ ತಯಾರಕನು ವಿದೇಶಿ ಪೈಪೋಟಿಯನ್ನು ಹೇಗೆ ಎದುರಿಸಬೇಕು ಎಂದು ಕೇಳಿದ್ದರು. ಆತ ಕನ್ನಡಿ ಮುಂದೆ ನಿಂತು ತನ್ನನ್ನು ತಾನೇ ಸೋಲಿಸಬೇಕು ಎಂದು ಪ್ರಾಮಾಣಿಕವಾಗಿ ಬರೆದೆ. ಮೇಡಂ ಕೆಂಪು ಶಾಯಿಯಲ್ಲಿ, "ಸ್ವಲ್ಪ ರೆಸ್ಟ್ ತಗೊಳ್ಳಿ" ಎಂದು ಬರೆದಿದ್ದಾರೆ.

ಕೊನೆಗೆ ಹೆಂಡತಿಯ ಎದುರೇ ಕೂತು, ತಮ್ಮ ತದ್ರೂಪವನ್ನು ಗಂಟು ಗಂಟಾಗಿ ಕಟ್ಟಿ ತೋರಿಸಿದೆ. ಇನ್ನಾದರೂ ನಂಬುತ್ತಾಳೆಂದು ಅವಳ ಮುಖ ನೋಡಿದೆ. ಅವಳ ಕಣ್ಣಲ್ಲಿ ನೀರೇ ಬಂತು. "ಅಂತೂ ಕ್ಲಾಸಿಗೆ ಹೋಗಿದ್ದು ಸಾರ್ಥಕ ಆಯ್ತು! ಅವರ ಹಾಗೇ ಕಟ್ಟೋದು ಕಲಿತುಬಿಟ್ರಲ್ಲ!"

ಆದ್ದರಿಂದ ತಾವು ದಯಮಾಡಿ ಬಾಯಿಬಿಟ್ಟು ಒಂದು ಸಾಕ್ಷಿ ಹೇಳಬೇಕು. ಬಾಯಿ ಇಲ್ಲವಾದರೆ ಮುಂದಿನ ಪ್ರಯಾಣಕ್ಕೆ ನನ್ನನ್ನೂ ಕಂತೆಯಲ್ಲಿ ಸೇರಿಸಿಕೊಳ್ಳಿ. ಹಡಗಿನಲ್ಲಿ ವಾಂತಿಯಾದೀತೆಂಬ ಭಯವಿದ್ದರೂ ಬರುತ್ತೇನೆ. ಬೆನ್ನಿಗೊಂದು ಲೇಬಲ್ ಅಂಟಿಸಿ ಅದೇ ಅಂಗಡಿಯ ಕಪಾಟಿನಲ್ಲಿ ನಿಲ್ಲಿಸಿದರೆ, ಅವಳು ನನ್ನನ್ನೂ ಎತ್ತಿಕೊಂಡು ಬರಬಹುದು. ರಿಯಾಯಿತಿ ಬರಲಿ ಎಂದು ಕಾದರೂ ಕಾಯಬಹುದು, ಅದೇ ಈಗ ಹೊಸ ಚಿಂತೆ.

ತಮ್ಮ ವಿಶ್ವಾಸಿ
(ತಂದೆ ಎಂದು ಬರೆಯಬಹುದಿತ್ತು, ಪುರಾವೆಯಿಲ್ಲ),
ಪೊರಕೆ ಕಟ್ಟುವವನು

ವಿ.ಸೂ.: ತಾವು ಸವೆದೀರೆಂಬ ಭಯಕ್ಕೆ ಅವಳು ತಮ್ಮನ್ನು ಮೊಳೆಯಿಂದ ಇಳಿಸುವುದೇ ಇಲ್ಲ. ತಮ್ಮ ಮೇಲೆ ಕೂತ ಧೂಳನ್ನು ದಿನಾ ಬೆಳಿಗ್ಗೆ ಆ ನಕಲಿ ಪೊರಕೆಯಿಂದ ನಾನೇ ಗುಡಿಸುತ್ತಿದ್ದೇನೆ. ಧೂಳು ಮಾತ್ರ ಅಪ್ಪಟ ಇಲ್ಲಿಯದು.